ಬೀಜದೊಳಗಿನ ಭ್ರೂಣದ ಮೊದಲ ದಿನಗಳು: ವಂಶವಾಹಿಗಳನ್ನು ನಿಯಂತ್ರಿಸುವ ಪ್ರೋಟೀನುಗಳ ಪಾತ್ರ ಮತ್ತು ಬೇಸಾಯದಲ್ಲಿ ಅದರ ಮಹತ್ವ

ಪೀಠಿಕೆ

ರೈತ ಬಾಂಧವರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಈ ನಾಲ್ಕು ಪ್ರಶ್ನೆಗಳು ವರ್ಷವರ್ಷವೂ ಮರಳಿ ಬರುತ್ತವೆ.

• ಗಿಡ ಹುಲುಸಾಗಿ ಬೆಳೆದಿದ್ದರೂ ಮುಸುಕಿನ ಜೋಳದ ತೆನೆಯ ತುದಿಯಲ್ಲಿ ಕಾಳು ಏಕೆ ಕಟ್ಟಲಿಲ್ಲ?
• ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಶೇಂಗಾ ಮತ್ತು ಹೆಸರು ಕಾಯಿಯೊಳಗೇ ಏಕೆ ಮೊಳೆಯುತ್ತವೆ?
• ಹೈಬ್ರಿಡ್ ಬೆಳೆಯ ಕಾಳನ್ನೇ ಮುಂದಿನ ವರ್ಷ ಬಿತ್ತಿದರೆ ಬೆಳೆ ಏಕೆ ಏರುಪೇರಾಗುತ್ತದೆ?
• ಕೊಡಗಿನ ಕಿತ್ತಳೆಯ ಸಸಿ ಬೀಜದಿಂದ ಬೆಳೆಸಿದರೂ ತಾಯಿಮರವನ್ನೇ ಹೋಲುತ್ತದೆ. ದೇವನಹಳ್ಳಿ ಚಕ್ಕೋತದ ಸಸಿ ಏಕೆ ಹೋಲುವುದಿಲ್ಲ?

ಮೇಲ್ನೋಟಕ್ಕೆ ಇವು ಬೇರೆ ಬೇರೆ ಬೆಳೆಗಳ ಬೇರೆ ಬೇರೆ ಸಮಸ್ಯೆಗಳು. ಆದರೆ ನಾಲ್ಕಕ್ಕೂ ಉತ್ತರ ದೊರೆಯುವುದು ಒಂದೇ ಸ್ಥಳದಲ್ಲಿ, ಅಂದರೆ ಬೀಜದೊಳಗಿನ ಭ್ರೂಣದಲ್ಲಿ. ಭ್ರೂಣ ಹುಟ್ಟಬೇಕೇ, ಹುಟ್ಟಿದ ಮೇಲೆ ಅದರ ಯಾವ ಭಾಗ ಬೇರಾಗಬೇಕು, ಯಾವ ಭಾಗ ಕಾಂಡವಾಗಬೇಕು, ಎಂದು ಮಲಗಬೇಕು, ಎಂದು ಎಚ್ಚರಗೊಳ್ಳಬೇಕು ಎಂಬುದನ್ನು ಕೆಲವು ವಿಶೇಷ ಪ್ರೋಟೀನುಗಳು ತೀರ್ಮಾನಿಸುತ್ತವೆ. ಈ ಲೇಖನದಲ್ಲಿ ಆ ಪ್ರೋಟೀನುಗಳ ಕಾರ್ಯವನ್ನು ಸರಳವಾಗಿ ವಿವರಿಸಿ, ಅದರಿಂದ ಹೊಲದಲ್ಲಿ ಮತ್ತು ಬೀಜದ ಆಯ್ಕೆಯಲ್ಲಿ ಕೈಗೊಳ್ಳಬೇಕಾದ ಕ್ರಮಗಳನ್ನು ತಿಳಿಸಲಾಗಿದೆ.

ಬೀಜ ರೂಪುಗೊಳ್ಳುವ ಬಗೆ

ಪರಾಗರೇಣು ಶಲಾಕಾಗ್ರದ ಮೇಲೆ ಬಿದ್ದ ನಂತರ ಅದರಿಂದ ಸೂಕ್ಷ್ಮವಾದ ನಳಿಕೆಯೊಂದು ಹೊರಟು ಅಂಡಾಶಯದ ಕಡೆಗೆ ಇಳಿಯುತ್ತದೆ. ಈ ನಳಿಕೆಯು ಎರಡು ಗಂಡು ಕೋಶಗಳನ್ನು ಒಯ್ಯುತ್ತದೆ. ಒಂದು ಗಂಡು ಕೋಶವು ಅಂಡಾಣುವಿನೊಡನೆ ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಮಧ್ಯಕೋಶದೊಡನೆ ಕೂಡಿ ಭ್ರೂಣಕ್ಕೆ ಆಹಾರ ಒದಗಿಸುವ ಭ್ರೂಣಾಹಾರವಾಗುತ್ತದೆ. ಹೂ ಬಿಡುವ ಸಸ್ಯಗಳ ಈ ವಿಶೇಷ ಗುಣವನ್ನು ಇಮ್ಮಡಿ ಗರ್ಭಧಾರಣೆ ಎನ್ನುತ್ತಾರೆ. ಇದನ್ನು 1898ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ಸೆರ್ಗೈ ನವಾಶಿನ್ ಅವರು ಕಂಡುಹಿಡಿದರು. ನಾವು ಉಣ್ಣುವ ಅಕ್ಕಿಯ ಬಹುಪಾಲು ಭ್ರೂಣಾಹಾರವೇ ಆಗಿದೆ. ಅಕ್ಕಿಯ ಒಂದು ತುದಿಯಲ್ಲಿ ಕಾಣುವ ಚಿಕ್ಕ ಕಣ್ಣು ಭ್ರೂಣವಿದ್ದ ಸ್ಥಳ.

ಸಸ್ಯ ಭ್ರೂಣಶಾಸ್ತ್ರಕ್ಕೆ ಭಾರತೀಯ ವಿಜ್ಞಾನಿಗಳ ಕೊಡುಗೆ ಅಪಾರ. ಕನ್ನಡಿಗರಿಗೆ ‘ಹಸುರು ಹೊನ್ನು’ ಕೃತಿಯ ಮೂಲಕ ಪರಿಚಿತರಾದ ಡಾ. ಬಿ.ಜಿ.ಎಲ್. ಸ್ವಾಮಿ ಅವರೂ ಈ ಶಾಸ್ತ್ರದಲ್ಲಿ ಹೆಸರು ಮಾಡಿದವರು. ಅವರ ಕಾಲದಲ್ಲಿ ಭ್ರೂಣದ ಆಕಾರ ಮತ್ತು ಕೋಶ ವಿಭಜನೆಯ ಕ್ರಮವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ದಾಖಲಿಸಲಾಯಿತು. ಆ ಕ್ರಮವನ್ನು ನಡೆಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗತೊಡಗಿದ್ದು ಕಳೆದ ಮೂರ್ನಾಲ್ಕು ದಶಕಗಳಲ್ಲಿ.

ನಿಯಂತ್ರಕ ಪ್ರೋಟೀನ್ ಎಂದರೇನು?

ಒಂದು ಗಿಡದ ಬೇರು, ಎಲೆ, ಹೂವು, ಕಾಳು ಎಲ್ಲದರ ಜೀವಕೋಶಗಳಲ್ಲಿಯೂ ಇರುವ ವಂಶವಾಹಿಗಳು ಒಂದೇ. ಹಾಗಿದ್ದರೂ ಬೇರು ಬೇರಾಗಿಯೇ ಉಳಿಯುತ್ತದೆ, ಎಲೆ ಎಲೆಯಾಗಿಯೇ ಇರುತ್ತದೆ. ಆಯಾ ಜೀವಕೋಶದಲ್ಲಿ ಎಲ್ಲ ವಂಶವಾಹಿಗಳೂ ಒಮ್ಮೆಗೇ ಕೆಲಸ ಮಾಡದಿರುವುದು ಇದಕ್ಕೆ ಕಾರಣ.

ಇದನ್ನು ನಮ್ಮ ಕೆರೆಗಳ ವ್ಯವಸ್ಥೆಗೆ ಹೋಲಿಸಬಹುದು. ಕೆರೆಯಲ್ಲಿ ನೀರು ತುಂಬಿರುತ್ತದೆ, ತೂಬುಗಳೂ ಇರುತ್ತವೆ. ಯಾವ ತೂಬನ್ನು ಯಾವ ದಿನ ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಯಾವಾಗ ಇಳಿಸಬೇಕು ಎಂಬುದು ನೀರುಗಂಟಿಯ ಕೆಲಸ. ಜೀವಕೋಶದಲ್ಲಿ ವಂಶವಾಹಿಗಳು ತೂಬುಗಳಿದ್ದಂತೆ. ಅವುಗಳನ್ನು ತೆರೆಯುವ ಮತ್ತು ಮುಚ್ಚುವ ನೀರುಗಂಟಿಗಳೂ ಜೀವಕೋಶದಲ್ಲಿಯೇ ತಯಾರಾಗುವ ಪ್ರೋಟೀನುಗಳು. ಇವು ಕೋಶಕೇಂದ್ರವನ್ನು ಪ್ರವೇಶಿಸಿ, ಡಿಎನ್‌ಎ ಎಳೆಯ ಮೇಲೆ ತಮಗೆ ಸಂಬಂಧಿಸಿದ ಸ್ಥಳವನ್ನು ಗುರುತಿಸಿ ಅಂಟಿಕೊಳ್ಳುತ್ತವೆ. ಆಗ ಆ ವಂಶವಾಹಿಯಲ್ಲಿರುವ ಮಾಹಿತಿಯ ನಕಲು ಸಿದ್ಧವಾಗುತ್ತದೆ ಅಥವಾ ನಕಲು ಮಾಡುವ ಕ್ರಿಯೆ ನಿಲ್ಲುತ್ತದೆ. ವಿಜ್ಞಾನಿಗಳು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಕರೆಯುವ ಇವುಗಳನ್ನು ಈ ಲೇಖನದಲ್ಲಿ ನಿಯಂತ್ರಕ ಪ್ರೋಟೀನುಗಳು ಎಂದು ಕರೆಯಲಾಗಿದೆ.

ಒಬ್ಬ ನೀರುಗಂಟಿ ಇನ್ನೊಬ್ಬನಿಗೆ ಸೂಚನೆ ಕೊಡುವಂತೆ ಒಂದು ನಿಯಂತ್ರಕ ಪ್ರೋಟೀನು ಮತ್ತೊಂದು ನಿಯಂತ್ರಕದ ವಂಶವಾಹಿಯನ್ನು ತೆರೆಯುತ್ತದೆ. ಆದುದರಿಂದ ಆರಂಭದಲ್ಲಿ ಒಂದು ತಪ್ಪಿದರೆ ಮುಂದಿನ ಹಲವು ಹಂತಗಳು ತಪ್ಪುತ್ತವೆ.

ಭ್ರೂಣದ ಬೆಳವಣಿಗೆಯ ಹಂತಗಳು

ಸಾಸಿವೆ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದಲ್ಲಿ ಈ ಹಂತಗಳನ್ನು ಹೆಚ್ಚು ವಿವರವಾಗಿ ಅಭ್ಯಸಿಸಲಾಗಿದೆ. ಅದರ ಒಟ್ಟು ವಂಶವಾಹಿಗಳಲ್ಲಿ ಶೇ. 5ಕ್ಕಿಂತ ಹೆಚ್ಚಿನವು ನಿಯಂತ್ರಕ ಪ್ರೋಟೀನುಗಳಿಗೆ ಮೀಸಲಾಗಿವೆ. ಮುಖ್ಯ ಹಂತಗಳು ಹೀಗಿವೆ:

1. ಮೊದಲ ವಿಭಜನೆ: ಗರ್ಭಧಾರಣೆಯಾದ ಅಂಡಾಣು ಸಮಪಾಲಾಗಿ ಒಡೆಯುವುದಿಲ್ಲ. ಮೇಲಿನ ಚಿಕ್ಕ ಕೋಶದಿಂದ ಭ್ರೂಣದ ಬಹುಭಾಗ ಬೆಳೆಯುತ್ತದೆ. ಕೆಳಗಿನ ಉದ್ದ ಕೋಶದಿಂದ ಭ್ರೂಣವನ್ನು ತಾಯಿಗಿಡಕ್ಕೆ ಜೋಡಿಸುವ ಆಧಾರತಂತು ಬೆಳೆಯುತ್ತದೆ. ವಾಕ್ಸ್-2 ಮತ್ತು ವಾಕ್ಸ್-8 ಎಂಬ ಎರಡು ನಿಯಂತ್ರಕಗಳು ವಿಭಜನೆಗೆ ಮೊದಲು ಒಂದೇ ಕೋಶದಲ್ಲಿ ಇರುತ್ತವೆ. ವಿಭಜನೆಯಾದೊಡನೆ ಮೊದಲನೆಯದು ಮೇಲಿನ ಕೋಶದಲ್ಲಿಯೂ ಎರಡನೆಯದು ಕೆಳಗಿನ ಕೋಶದಲ್ಲಿಯೂ ಉಳಿಯುತ್ತದೆ. ಮೇಲು ಕೆಳಗು ಎಂಬ ಭೇದ ಇಲ್ಲಿಂದಲೇ ಆರಂಭವಾಗುತ್ತದೆ.

2. ಗುಂಡು ಹಂತ: ಭ್ರೂಣವು ಸಣ್ಣ ಚೆಂಡಿನಂತೆ ಕಾಣುತ್ತದೆ. ಬೇರಿನ ತುದಿ ಎಲ್ಲಿರಬೇಕು ಎಂಬುದು ಈ ಹಂತದಲ್ಲಿ ನಿಶ್ಚಯವಾಗುತ್ತದೆ. ಆಕ್ಸಿನ್ ಚೋದಕದ ಸೂಚನೆಯಂತೆ ನಡೆಯುವ ಮಾನಾಪ್ಟೆರಾಸ್ ಎಂಬ ನಿಯಂತ್ರಕವಿಲ್ಲದ ಭ್ರೂಣದಿಂದ ಬೇರಿಲ್ಲದ ಸಸಿ ಹುಟ್ಟುತ್ತದೆ.

3. ಹೃದಯಾಕಾರದ ಹಂತ: ಎರಡು ಬೀಜದಳಗಳು ಮತ್ತು ಅವುಗಳ ನಡುವೆ ಕಾಂಡದ ತುದಿ ಮೂಡುತ್ತವೆ. ಮುಂದೆ ಗಿಡದ ಎಲೆ, ಕವಲು, ಹೂವು ಎಲ್ಲವೂ ಈ ತುದಿಯ ಕೆಲವೇ ಜೀವಕೋಶಗಳಿಂದ ಬರಬೇಕು.

4. ತುಂಬುವ ಹಂತ: ಪಿಷ್ಟ, ಎಣ್ಣೆ ಮತ್ತು ಪ್ರೋಟೀನು ಸಂಗ್ರಹವಾಗುತ್ತವೆ. ಲೆಕ್-1 ಎಂಬ ನಿಯಂತ್ರಕ ಇಲ್ಲಿ ಮುಖ್ಯವಾದುದು. 1998ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಇದೊಂದನ್ನು ಸಸಿಯಲ್ಲಿ ಅಕಾಲದಲ್ಲಿ ತಯಾರಾಗುವಂತೆ ಮಾಡಿದಾಗ ಎಲೆಯ ಮೇಲೆಯೇ ಭ್ರೂಣದಂತಹ ರಚನೆಗಳು ಹುಟ್ಟಿದವು.

5. ಒಣಗುವ ಮತ್ತು ಮಲಗುವ ಹಂತ: ಭ್ರೂಣವು ನೀರನ್ನು ಕಳೆದುಕೊಂಡು ಸುಪ್ತಾವಸ್ಥೆಗೆ ಹೋಗುತ್ತದೆ. ಇದಕ್ಕೆ ಅಬ್ಸಿಸಿಕ್ ಆಮ್ಲ ಎಂಬ ಚೋದಕವೂ ಅದರ ಸೂಚನೆಯನ್ನು ಜಾರಿಗೆ ತರುವ ನಿಯಂತ್ರಕ ಪ್ರೋಟೀನುಗಳೂ ಬೇಕು.

ಭತ್ತ, ರಾಗಿ ಮತ್ತು ಜೋಳದಂತಹ ಏಕದಳ ಬೆಳೆಗಳಲ್ಲಿ ಹೃದಯಾಕಾರ ಕಾಣದಿದ್ದರೂ ಕಾರ್ಯದ ಸ್ವರೂಪ ಹೆಚ್ಚುಕಡಿಮೆ ಇದೇ ಆಗಿರುತ್ತದೆ. ಭತ್ತದಲ್ಲಿ ಪರಾಗಸ್ಪರ್ಶವಾದ ನಾಲ್ಕೈದು ದಿನಗಳಲ್ಲಿ ಕಾಂಡದ ತುದಿ ಮತ್ತು ಬೇರಿನ ಮೂಲ ಗುರುತಿಸುವಂತಾಗುತ್ತವೆ. ಸುಮಾರು 10 ದಿನಗಳಲ್ಲಿ ಭ್ರೂಣದ ಆಕಾರ ಪೂರ್ಣಗೊಳ್ಳುತ್ತದೆ. ಹೊಲದಲ್ಲಿ ತೆನೆ ಇನ್ನೂ ಹಸಿರಾಗಿ, ಕಾಳು ಹಾಲಿನ ಹಂತದಲ್ಲಿರುವಾಗಲೇ ಮುಂದಿನ ಗಿಡದ ರೂಪುರೇಷೆ ಸಿದ್ಧವಾಗಿರುತ್ತದೆ.

ಮೊದಲ ದಿನಗಳಲ್ಲಿ ಬೆಳೆಯ ರಕ್ಷಣೆ

ನಿಯಂತ್ರಕ ಪ್ರೋಟೀನುಗಳು ಕೆಲಸ ಮಾಡಬೇಕಾದರೆ ಭ್ರೂಣಕ್ಕೆ ಸಕ್ಕರೆ ಮತ್ತು ನೀರು ತಾಯಿಗಿಡದಿಂದ ತಪ್ಪದೆ ಬರುತ್ತಿರಬೇಕು. ಹೂ ಬಿಡುವ ಸಮಯದಲ್ಲಿ ಬರ ಅಥವಾ ಬಿಸಿಲಿನ ತಾಪ ಹೆಚ್ಚಾದರೆ ಗಿಡವು ತಾನು ಸಾಕಲಾರದ ಭ್ರೂಣಗಳನ್ನು ಕೈಬಿಡುತ್ತದೆ. ಒಮ್ಮೆ ಕೈಬಿಟ್ಟ ಕಾಳನ್ನು ಆನಂತರ ಕೊಡುವ ನೀರು, ಗೊಬ್ಬರ ಯಾವುದೂ ಮರಳಿ ತರಲಾರದು.

ಮುಸುಕಿನ ಜೋಳ

ತೆನೆಯ ಪ್ರತಿಯೊಂದು ರೇಷ್ಮೆಯೆಳೆಯೂ ಒಂದು ಕಾಳಿಗೆ ಸೇರಿದುದು. ತೆನೆಯ ಬುಡದ ಎಳೆಗಳು ಮೊದಲು, ತುದಿಯ ಎಳೆಗಳು ಕೊನೆಗೆ ಹೊರಬರುತ್ತವೆ. ಆದ್ದರಿಂದ ತುದಿಯ ಭ್ರೂಣಗಳು ಎಲ್ಲಕ್ಕಿಂತ ಎಳೆಯವು, ಆಹಾರ ಸಾಲದಾದಾಗ ಮೊದಲು ಬಲಿಯಾಗುವಂಥವು. ಸೂಲಂಗಿ ಬರುವ ಮುಂಚಿನ ಎರಡು ವಾರ ಮತ್ತು ರೇಷ್ಮೆ ಬಂದ ನಂತರದ ಎರಡು ವಾರ ತೇವಾಂಶದ ಕೊರತೆಯಾಗದಂತೆ ನೋಡಿಕೊಳ್ಳಬೇಕು. ಜೂನ್ ತಿಂಗಳಲ್ಲಿ ಬಿತ್ತಿದ ಮುಂಗಾರು ಬೆಳೆಗೆ ಈ ಅವಧಿ ಬಹುತೇಕ ಆಗಸ್ಟ್‌ನಲ್ಲಿ ಬರುತ್ತದೆ. ಕೃಷಿ ಹೊಂಡದಲ್ಲಿ ನೀರಿದ್ದು, ಒಂದೇ ಸಲ ಕೊಡಲು ಸಾಧ್ಯವಿದ್ದರೆ ಅದನ್ನು ಈ ಅವಧಿಗೆ ಉಳಿಸಿಕೊಳ್ಳುವುದು ಸೂಕ್ತ.

ತುದಿ ಬೋಳಾಗಲು ಕಾರಣವೇನೆಂದು ತಿಳಿಯಲು ವಿಸ್ತರಣಾ ಕಾರ್ಯಕರ್ತರು ಈ ಸುಲಭ ಪರೀಕ್ಷೆಯನ್ನು ಮಾಡಬಹುದು. ರೇಷ್ಮೆ ಬಂದ ಸುಮಾರು ಒಂದು ವಾರದ ನಂತರ ಹೊಲದ ಬೇರೆ ಬೇರೆ ಕಡೆಗಳಿಂದ ಕೆಲವು ತೆನೆಗಳನ್ನು ಕಿತ್ತು, ಮುಸುಕನ್ನು ಬುಡದಿಂದ ಎಚ್ಚರಿಕೆಯಿಂದ ಸುಲಿದು, ತೆನೆಯನ್ನು ಮೆಲ್ಲಗೆ ಕೊಡವಬೇಕು. ಗರ್ಭಧಾರಣೆಯಾದ ಕಾಳುಗಳ ರೇಷ್ಮೆಯೆಳೆ ಉದುರುತ್ತದೆ, ಆಗದವುಗಳದು ಅಂಟಿಕೊಂಡೇ ಇರುತ್ತದೆ.

• ಎಳೆಗಳು ಅಂಟಿಕೊಂಡಿದ್ದರೆ ಪರಾಗ ತಲುಪಿಲ್ಲ. ರೇಷ್ಮೆ ತಡವಾಗಿ ಬಂದಿರುವುದು, ಕೀಟಗಳು ರೇಷ್ಮೆಯನ್ನು ಕತ್ತರಿಸಿರುವುದು ಅಥವಾ ತಾಪದಿಂದ ಪರಾಗ ಸತ್ತಿರುವುದು ಕಾರಣವಿರಬಹುದು.
• ಎಳೆಗಳು ಉದುರಿದ್ದು, ಮುಂದೆ ಅದೇ ಸ್ಥಳದಲ್ಲಿ ಕಾಳುಗಳು ಬಿಳಿಚಿಕೊಂಡು ಸುಕ್ಕುಗಟ್ಟಿದರೆ ಭ್ರೂಣ ಹುಟ್ಟಿ ಸತ್ತಿದೆ. ನೀರು, ಸಾರಜನಕ ಅಥವಾ ಬೆಳಕಿನ ಕೊರತೆ ಮತ್ತು ಅತಿ ಸಾಂದ್ರ ಬಿತ್ತನೆಯನ್ನು ಪರಿಶೀಲಿಸಬೇಕು.

ಈ ಎರಡನ್ನೂ ಬೇರ್ಪಡಿಸದೆ ಬೀಜವೇ ಕಳಪೆ ಎಂದು ತೀರ್ಮಾನಿಸಿದರೆ ರೈತರು ಮುಂದಿನ ವರ್ಷವೂ ಅದೇ ನಷ್ಟಕ್ಕೆ ಗುರಿಯಾಗುತ್ತಾರೆ.

ಭತ್ತ

ಹೂವು ಅರಳುವ ಹೊತ್ತಿನಲ್ಲಿ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಮೀರಿದರೆ ಪರಾಗ ಸರಿಯಾಗಿ ಉದುರದೆ, ಮೊಳೆಯದೆ ಜೊಳ್ಳು ಹೆಚ್ಚುತ್ತದೆ. ಅಚ್ಚುಕಟ್ಟು ಪ್ರದೇಶಗಳ ಬೇಸಿಗೆ ಭತ್ತದಲ್ಲಿ ನಾಟಿ ತಡವಾದಷ್ಟೂ ಈ ಅಪಾಯ ಹೆಚ್ಚು. ಹೂ ಬಿಡುವ ಕಾಲ ಅತಿ ತಾಪದ ವಾರಗಳಿಗೆ ಸಿಗದಂತೆ ನಾಟಿಯ ದಿನವನ್ನು ಹೊಂದಿಸಿಕೊಳ್ಳಬೇಕು. ತೆನೆ ಹೊರಬಂದು ಹೂವಾಗುವಾಗ ಗದ್ದೆಯಲ್ಲಿ ಸುಮಾರು 5 ಸೆಂ.ಮೀ. ನೀರು ನಿಲ್ಲಿಸಬೇಕು. ಭತ್ತದ ಹೂವುಗಳು ಬೆಳಗಿನ ಹೊತ್ತು ತೆರೆಯುವುದರಿಂದ ಆ ಸಮಯದಲ್ಲಿ ಯಾವುದೇ ಸಿಂಪರಣೆ ಮಾಡಬಾರದು. ಅನಿವಾರ್ಯವಾದರೆ ಸಂಜೆ ಸಿಂಪಡಿಸಬೇಕು.

ಸೂರ್ಯಕಾಂತಿ

ಇದು ಜೇನುನೊಣಗಳನ್ನು ಅವಲಂಬಿಸಿದ ಬೆಳೆ. ಪರಾಗ ತಲುಪದ ಕಡೆ ಭ್ರೂಣವೇ ಇರುವುದಿಲ್ಲ, ಹೊರಗೆ ಕಾಳಿನ ಸಿಪ್ಪೆ ಕಂಡರೂ ಒಳಗೆ ಜೊಳ್ಳು. ಹೂ ಅರಳುವ ಅವಧಿಯಲ್ಲಿ ಬೆಳಗಿನ ಹೊತ್ತು ಕೀಟನಾಶಕ ಬಳಸಬಾರದು. ಜೇನುನೊಣ ಕಡಿಮೆಯಿದ್ದರೆ ಬೆಳಿಗ್ಗೆ 8ರಿಂದ 11 ಗಂಟೆಯೊಳಗೆ, ದಿನ ಬಿಟ್ಟು ದಿನ, ಮೃದುವಾದ ಬಟ್ಟೆಯಿಂದ ತೆನೆಗಳನ್ನು ಸವರಬೇಕು ಅಥವಾ ಅಕ್ಕಪಕ್ಕದ ತೆನೆಗಳನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜಬೇಕು. ಪರಾಗನಳಿಕೆ ಬೆಳೆಯಲು ಬೋರಾನ್ ಅಗತ್ಯವಾದುದರಿಂದ ಮಣ್ಣು ಪರೀಕ್ಷೆಯಲ್ಲಿ ಅದರ ಕೊರತೆ ಕಂಡುಬಂದರೆ ಶಿಫಾರಸಿನ ಪ್ರಮಾಣದಲ್ಲಿ ಮಾತ್ರ ನೀಡಬೇಕು. ಬೋರಾನ್ ಹೆಚ್ಚಾದರೂ ಬೆಳೆಗೆ ಹಾನಿ.

ಕಾಯಿಯಲ್ಲೇ ಮೊಳೆಯುವಿಕೆ

ಮುಸುಕಿನ ಜೋಳದಲ್ಲಿ ವಿವಿಪರಸ್-1 ಎಂಬ ನಿಯಂತ್ರಕ ಪ್ರೋಟೀನು ಇದೆ. ಇದರ ವಂಶವಾಹಿಯನ್ನು ಬೇರ್ಪಡಿಸಿ ಅಭ್ಯಸಿಸಲಾಗಿದೆ. ಈ ಪ್ರೋಟೀನು ಕೆಟ್ಟಿರುವ ತಳಿಯಲ್ಲಿ ಕಾಳುಗಳು ಒಣಗಿ ಮಲಗುವುದಿಲ್ಲ, ತೆನೆಯಲ್ಲಿದ್ದಂತೆಯೇ ಮೊಳೆಯುತ್ತವೆ. ಮಲಗು ಎಂಬ ಸೂಚನೆ ಅಬ್ಸಿಸಿಕ್ ಆಮ್ಲದ ರೂಪದಲ್ಲಿ ಬಂದರೂ ಅದನ್ನು ಜಾರಿಗೊಳಿಸಬೇಕಾದ ಪ್ರೋಟೀನು ಅಲ್ಲಿರುವುದಿಲ್ಲ. ಕರಾವಳಿಯ ಕಾಂಡ್ಲಾ ವನಗಳಲ್ಲಿ ಬೀಜವು ಮರದ ಮೇಲೆಯೇ ಮೊಳೆತು ಉದ್ದವಾಗಿ ಜೋತಾಡುವುದನ್ನು ತಾವು ನೋಡಿರಬಹುದು. ಉಪ್ಪುನೀರಿನ ಕೆಸರಿನಲ್ಲಿ ಬದುಕಬೇಕಾದ ಆ ಮರಕ್ಕೆ ಅದು ಅನುಕೂಲ. ಹೊಲದ ಬೆಳೆಗೆ ಅದೇ ಗುಣ ನಷ್ಟದ ದಾರಿ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬಿತ್ತಿದ ಕೂಡಲೇ ಏಕರೂಪವಾಗಿ ಮೊಳೆಯುವ ತಳಿಗಳನ್ನೇ ನಾವು ತಲೆಮಾರುಗಳಿಂದ ಆರಿಸಿಕೊಂಡು ಬಂದಿದ್ದೇವೆ. ಅಂತಹ ಆಯ್ಕೆಯಲ್ಲಿ ಸುಪ್ತಾವಸ್ಥೆ ಕುಗ್ಗುತ್ತದೆ. ಟಿಎಂವಿ-2 ಮತ್ತು ಜೆಎಲ್-24ರಂತಹ ಗೊಂಚಲು ಶೇಂಗಾ ತಳಿಗಳಿಗೆ ಸುಪ್ತಾವಸ್ಥೆ ಇಲ್ಲವೆನ್ನುವಷ್ಟು ಕಡಿಮೆ. ಬಳ್ಳಿ ಶೇಂಗಾ ತಳಿಗಳಿಗೆ ಎರಡು ಮೂರು ತಿಂಗಳ ಸುಪ್ತಾವಸ್ಥೆ ಇರುತ್ತದೆ. ಆದುದರಿಂದ:

• ಗೊಂಚಲು ಶೇಂಗಾ ಬಲಿತ ನಂತರ ಮಳೆಯ ಮುನ್ಸೂಚನೆಯಿದ್ದರೆ ಕೀಳುವುದನ್ನು ಮುಂದೂಡಬಾರದು. ಕಿತ್ತ ಗಿಡಗಳನ್ನು ಕಾಯಿ ಮೇಲಾಗಿ, ನೆಲಕ್ಕೆ ತಾಗದಂತೆ ಒಣಗಿಸಬೇಕು.
• ಹೆಸರು ಬೆಳೆಯಲ್ಲಿ ಎಲ್ಲ ಕಾಯಿಗಳೂ ಒಣಗಲೆಂದು ಕಾಯದೆ, ಒಣಗಿದ ಕಾಯಿಗಳನ್ನು ಎರಡು ಮೂರು ಸಲ ಬಿಡಿಸಬೇಕು.
• ಕೊಯ್ಲಿನ ಕಾಲಕ್ಕೆ ಮಳೆ ಬೀಳುವ ಪ್ರದೇಶಗಳಲ್ಲಿ ನೆಲಕ್ಕೆ ಬೀಳದ ಭತ್ತದ ತಳಿಗಳನ್ನು ಆರಿಸಬೇಕು. ಬಿದ್ದ ತೆನೆ ನೀರಿನಲ್ಲಿದ್ದರೆ ಮೊಳಕೆ ಬರುವ ಸಾಧ್ಯತೆ ಹೆಚ್ಚು. ಸಾರಜನಕವನ್ನು ಶಿಫಾರಸಿಗಿಂತ ಹೆಚ್ಚು ಕೊಡಬಾರದು.
• ಒಮ್ಮೆ ಮೊಳಕೆ ಬಿರಿದು ಮತ್ತೆ ಒಣಗಿದ ಕಾಳನ್ನು ಬಿತ್ತನೆಗೆ ಬಳಸಬಾರದು. ಅದರ ಭ್ರೂಣವು ಒಣಗುವಿಕೆಯನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಕೆಲವು ಭತ್ತದ ತಳಿಗಳ ಹೊಸ ಬೀಜ ಕೊಯ್ಲಾದ ಕೆಲವು ವಾರಗಳವರೆಗೆ ಸರಿಯಾಗಿ ಮೊಳೆಯುವುದಿಲ್ಲ. ಅದು ಸತ್ತ ಬೀಜವಲ್ಲ, ಮಲಗಿರುವ ಬೀಜ. ಬಿಸಾಡುವ ಮುನ್ನ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮೊಳಕೆ ಪರೀಕ್ಷೆ ಮಾಡಬೇಕು.

ಹಲಸು, ಮಾವು, ಅಡಿಕೆ ಮತ್ತು ಕೋಕೋ ಬೀಜಗಳು ಒಣಗಿಸುವುದನ್ನು ತಾಳುವುದಿಲ್ಲ. ಇವುಗಳನ್ನು ಧಾನ್ಯದಂತೆ ಒಣಗಿಸಿಡದೆ ಹಣ್ಣಿನಿಂದ ತೆಗೆದ ಕೂಡಲೇ ನಾಟಿ ಮಾಡಬೇಕು.

ಹೈಬ್ರಿಡ್ ಬೀಜವನ್ನು ಉಳಿಸಿಕೊಳ್ಳಬಹುದೇ?

ಹೈಬ್ರಿಡ್ ಗಿಡದ ಬಲವು ಎರಡು ಭಿನ್ನ ತಳಿಗಳ ವಂಶವಾಹಿಗಳ ಜೋಡಿಯಿಂದ ಬಂದುದು. ಆ ಗಿಡವು ತನ್ನ ಪರಾಗ ಮತ್ತು ಅಂಡಾಣುಗಳನ್ನು ತಯಾರಿಸುವಾಗ ಜೋಡಿಗಳು ಬೇರ್ಪಟ್ಟು ಹೊಸದಾಗಿ ಸೇರುತ್ತವೆ. ಒಂದು ಜೋಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮುಂದಿನ ಪೀಳಿಗೆಯ 4 ಗಿಡಗಳಲ್ಲಿ ಸರಾಸರಿ 2 ಮಾತ್ರ ಮಿಶ್ರ ಜೋಡಿಯನ್ನು ಉಳಿಸಿಕೊಳ್ಳುತ್ತವೆ. ಸಾವಿರಾರು ಜೋಡಿಗಳಲ್ಲಿ ಹೀಗೆಯೇ ನಡೆಯುವುದರಿಂದ ಗಿಡಗಳು ಏರುಪೇರಾಗಿ ಇಳುವರಿ ಕುಸಿಯುತ್ತದೆ. ಈ ಕಾರಣದಿಂದ ರೈತರು ಪ್ರತಿ ಹಂಗಾಮಿನಲ್ಲಿ ಹೈಬ್ರಿಡ್ ಬೀಜವನ್ನು ಹೊಸದಾಗಿ ಕೊಳ್ಳಬೇಕಾಗುತ್ತದೆ.

ಗರ್ಭಧಾರಣೆಯೇ ಇಲ್ಲದೆ, ತಾಯಿಯ ಪಡಿಯಚ್ಚಿನಂತಹ ಭ್ರೂಣ ಬೀಜದಲ್ಲಿ ಹುಟ್ಟಿದರೆ ಈ ಖರ್ಚು ಉಳಿಯುತ್ತದೆ. ಇದು ಕಲ್ಪನೆಯ ಮಾತಲ್ಲ. ಅಂಡಾಣುವಲ್ಲದ ಕೋಶದಿಂದಲೂ ಭ್ರೂಣ ಹುಟ್ಟಬಲ್ಲದು ಎಂಬುದನ್ನು 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಎಸ್.ಸಿ. ಮಹೇಶ್ವರಿ ಅವರು ದತ್ತೂರಿ ಜಾತಿಯ ಸಸ್ಯದ ಪರಾಗಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದರು. ಹೀಗೆಯೇ ಪರಾಗದಿಂದ ಹುಟ್ಟಿಸಿದ ಸಾಸಿವೆ ಜಾತಿಯ ಭ್ರೂಣಗಳನ್ನು ಅಭ್ಯಸಿಸುವಾಗ ಬೇಬಿ ಬೂಮ್ ಎಂಬ ನಿಯಂತ್ರಕ ಪ್ರೋಟೀನು ಪತ್ತೆಯಾಯಿತು. ಅದರ ವಿವರ 2002ರಲ್ಲಿ ಪ್ರಕಟವಾಯಿತು.

ಭತ್ತದಲ್ಲಿ ಇದೇ ಗುಂಪಿನ ಪ್ರೋಟೀನಿನ ವಂಶವಾಹಿ ಅಂಡಾಣುವಿನಲ್ಲಿ ಮುಚ್ಚಿರುತ್ತದೆ. ಗರ್ಭಧಾರಣೆಯಾದಾಗ ತಂದೆಯ ಕಡೆಯಿಂದ ಬಂದ ಪ್ರತಿ ಮೊದಲು ಕೆಲಸಕ್ಕೆ ತೊಡಗುತ್ತದೆ. ಭ್ರೂಣ ಬೆಳೆಯಲಿ ಎಂಬ ಅಪ್ಪಣೆ ತಂದೆಯ ಕಡೆಯಿಂದ ಬರುತ್ತದೆ ಎನ್ನಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ವೆಂಕಟೇಶನ್ ಸುಂದರೇಶನ್ ಅವರ ತಂಡವು ಈ ವಂಶವಾಹಿ ಅಂಡಾಣುವಿನಲ್ಲಿಯೇ ತೆರೆಯುವಂತೆ ಮಾಡಿತು. ಜೊತೆಗೆ ಜೋಡಿಗಳು ಬೇರ್ಪಡುವ ಕ್ರಿಯೆಯನ್ನೂ ತಡೆಯಿತು. ಆಗ ತಾಯಿಯ ಪಡಿಯಚ್ಚಿನಂತಹ ಬೀಜಗಳು ದೊರೆತವು. ಇದು 2019ರಲ್ಲಿ ಪ್ರಕಟವಾಯಿತು. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಹೈಬ್ರಿಡ್ ಭತ್ತದಲ್ಲಿ ಶೇ. 95ಕ್ಕಿಂತ ಹೆಚ್ಚು ಬೀಜಗಳು ಹೀಗೆ ಬಂದವು.

ಇದು ಇಂದಿಗೂ ಸಂಶೋಧನೆಯ ಹಂತದಲ್ಲಿದೆ. ಮರುಬಿತ್ತನೆ ಮಾಡಬಹುದಾದ ಹೈಬ್ರಿಡ್ ಎಂದು ಯಾರಾದರೂ ಬೀಜ ಮಾರಲು ಬಂದರೆ ಕೊಳ್ಳಬಾರದು. ಬೀಜದ ಖರ್ಚು ಭರಿಸಲಾಗದವರು ಹೈಬ್ರಿಡ್ ಅಲ್ಲದ ಅಧಿಕೃತ ತಳಿಗಳನ್ನು ಆರಿಸಬೇಕು. ಭತ್ತ, ರಾಗಿ, ಶೇಂಗಾ, ಸೋಯಾ ಅವರೆ ಮುಂತಾದ ಸ್ವಕೀಯ ಪರಾಗಸ್ಪರ್ಶದ ಬೆಳೆಗಳಲ್ಲಿ ಬೆರಕೆ ಗಿಡಗಳನ್ನು ಕಿತ್ತು, ಆರೋಗ್ಯವಾದ ತಾಕಿನಿಂದ ಬೀಜ ಉಳಿಸಿಕೊಂಡು, ಸುಮಾರು ಮೂರು ವರ್ಷಗಳಿಗೊಮ್ಮೆ ಪ್ರಮಾಣಿತ ಬೀಜಕ್ಕೆ ಬದಲಾಯಿಸಬಹುದು.

ಕಿತ್ತಳೆ, ಚಕ್ಕೋತ ಮತ್ತು ಮಾವು

ಪ್ರಯೋಗಾಲಯದಲ್ಲಿ ಈಗ ಸಾಧಿಸುತ್ತಿರುವುದನ್ನು ಕೊಡಗಿನ ಕಿತ್ತಳೆ ತಾನಾಗಿಯೇ ಮಾಡುತ್ತಿದೆ. ಅದರ ಒಂದು ಬೀಜದಲ್ಲಿ ಹಲವು ಭ್ರೂಣಗಳಿರುತ್ತವೆ. ಒಂದು ಗರ್ಭಧಾರಣೆಯಿಂದ ಬಂದುದು, ಉಳಿದವು ಬೀಜಾಂಡದಲ್ಲಿನ ತಾಯಿಯ ಕೋಶಗಳಿಂದಲೇ ಹುಟ್ಟಿದವು. ನಿಂಬೆ ಜಾತಿಯಲ್ಲಿ ಈ ಗುಣಕ್ಕೆ ಒಂದು ನಿಯಂತ್ರಕ ಪ್ರೋಟೀನು ಕಾರಣವೆಂದು ಚೀನಾದ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಬಹುಭ್ರೂಣದ ತಳಿಗಳಲ್ಲಿ ಆ ವಂಶವಾಹಿಯ ಬಳಿ ಡಿಎನ್‌ಎಯ ಒಂದು ಸಣ್ಣ ತುಣುಕು ಬಂದು ಸೇರಿದೆ. ಚಕ್ಕೋತದಲ್ಲಿ ಬೀಜಕ್ಕೆ ಒಂದೇ ಭ್ರೂಣ, ಅದೂ ಗರ್ಭಧಾರಣೆಯದು.

• ಕಿತ್ತಳೆ ಸಸಿಮಡಿಯಲ್ಲಿ ಒಂದೇ ಎತ್ತರದ, ಒಂದೇ ಬಗೆಯ ಎಲೆಯ ಸಸಿಗಳನ್ನು ಉಳಿಸಿಕೊಳ್ಳಬೇಕು. ತೀರಾ ಕುಳ್ಳಾದ ಅಥವಾ ವಿಭಿನ್ನವಾದ ಸಸಿಗಳನ್ನು ತೆಗೆಯಬೇಕು.
• ದೇವನಹಳ್ಳಿ ಚಕ್ಕೋತವನ್ನು ಗೂಟಿ ಅಥವಾ ಕಣ್ಣು ಕಸಿಯಿಂದಲೇ ವೃದ್ಧಿಸಬೇಕು. ಬೀಜದ ಸಸಿ ನೆಟ್ಟು ವರ್ಷಗಟ್ಟಲೆ ಕಾದ ಮೇಲೆ ಬೇರೆ ರುಚಿಯ ಹಣ್ಣು ಬಂದರೆ ಆ ಕಾಲವನ್ನು ಮರಳಿ ಪಡೆಯಲಾಗದು.
• ಬಾದಾಮಿ ಮತ್ತು ತೋತಾಪುರಿ ಮಾವುಗಳು ಏಕಭ್ರೂಣದವು, ಇವುಗಳಿಗೆ ಕಸಿಯೇ ದಾರಿ. ಪಶ್ಚಿಮ ಕರಾವಳಿಯ ಬಪ್ಪಕಾಯಿ, ಓಲೂರ್ ಮುಂತಾದವು ಬಹುಭ್ರೂಣದವು. ಏಕರೂಪದ ಬೇರುಸಸಿಗಳು ಬೇಕಾದಾಗ ಇವುಗಳ ಓಟೆ ಉಪಯುಕ್ತ.

ಸಿಂಪರಣೆಯಿಂದ ಭ್ರೂಣವನ್ನು ನಿಯಂತ್ರಿಸಬಹುದೇ?

ವಂಶವಾಹಿಯನ್ನು ಎಚ್ಚರಿಸುತ್ತದೆ, ಕಾಳಿನ ಸಂಖ್ಯೆಯನ್ನು ಇಮ್ಮಡಿಗೊಳಿಸುತ್ತದೆ ಎಂಬ ಮಾತುಗಳೊಂದಿಗೆ ಯಾವುದೇ ದ್ರಾವಣ ಮಾರಲು ಬಂದರೆ ಎಚ್ಚರಿಕೆಯಿಂದಿರಬೇಕು. ನಿಯಂತ್ರಕ ಪ್ರೋಟೀನುಗಳು ಆಯಾ ಜೀವಕೋಶದೊಳಗೆ ತಯಾರಾಗಿ ಅಲ್ಲಿಯೇ, ಅಥವಾ ಬಹಳ ಹತ್ತಿರದಲ್ಲಿ, ಕೆಲಸ ಮಾಡುವಂಥವು. ಎಲೆಯ ಮೇಲೆ ಸಿಂಪಡಿಸಿದ ಪ್ರೋಟೀನು ತೆನೆಯೊಳಗಿನ ಭ್ರೂಣದ ಕೋಶಕೇಂದ್ರವನ್ನು ತಲುಪುವುದಿಲ್ಲ. ಸಸ್ಯ ಚೋದಕಗಳ ವಿಷಯ ಬೇರೆ. ಅವು ಗಿಡದಲ್ಲಿ ಚಲಿಸುತ್ತವೆ, ಕೆಲವು ಬೆಳೆಗಳಲ್ಲಿ ನಿರ್ದಿಷ್ಟ ಉದ್ದೇಶಕ್ಕೆ ಶಿಫಾರಸು ಆಗಿವೆ. ಅವುಗಳನ್ನು ಸಹ ಹೇಳಿದ ಪ್ರಮಾಣ ಮತ್ತು ಹಂತವನ್ನು ಮೀರಿ ಬಳಸಬಾರದು. ಕೊಳ್ಳುವ ಮುನ್ನ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಆ ಹಣದಲ್ಲಿ ಹೂವಿನ ಹಂತಕ್ಕೆ ಒಂದು ನೀರು ಕೊಡಲು ಸಾಧ್ಯವಾದರೆ ಅದೇ ಹೆಚ್ಚು ಲಾಭದಾಯಕ.

ಬಿತ್ತನೆಗೆ ಮುನ್ನ ಭ್ರೂಣದ ಪರೀಕ್ಷೆ

ಮನೆಯ ಬೀಜವಾಗಲಿ, ಕೊಂಡ ಬೀಜವಾಗಲಿ, ಚೀಲದ ಮೇಲಿನಿಂದ, ನಡುವಿನಿಂದ ಮತ್ತು ತಳದಿಂದ ತೆಗೆದ 100 ಕಾಳುಗಳನ್ನು ಆರಿಸದೆ ಎಣಿಸಿಕೊಂಡು, ತೇವದ ಗೋಣಿತಟ್ಟಿನಲ್ಲಿ ಸಾಲಾಗಿ ಹರಡಿ, ಸುತ್ತಿ ನೆರಳಿನಲ್ಲಿಡಬೇಕು. ತೇವ ಆರದಂತೆ ನೋಡಿಕೊಂಡು, 7ರಿಂದ 10 ದಿನಗಳ ನಂತರ ಬೇರು ಮತ್ತು ಕುಡಿ ಎರಡೂ ಸರಿಯಾಗಿರುವ ಸಸಿಗಳನ್ನು ಮಾತ್ರ ಎಣಿಸಬೇಕು. ಪ್ರಮಾಣಿತ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆ ಪ್ರಮಾಣ ಹೀಗಿದೆ:

• ಮುಸುಕಿನ ಜೋಳ (ಹೈಬ್ರಿಡ್): ಶೇ. 90
• ಭತ್ತ: ಶೇ. 80
• ರಾಗಿ, ತೊಗರಿ, ಹೆಸರು: ಶೇ. 75
• ಶೇಂಗಾ, ಸೋಯಾ ಅವರೆ, ಸೂರ್ಯಕಾಂತಿ: ಶೇ. 70

ವಿಸ್ತರಣಾ ಕಾರ್ಯಕರ್ತರು ತರಬೇತಿಯಲ್ಲಿ ರಾತ್ರಿಯಿಡೀ ನೆನೆಸಿದ ಮುಸುಕಿನ ಜೋಳದ ಕಾಳನ್ನು ಉದ್ದಕ್ಕೆ ಸೀಳಿ ಭ್ರೂಣವನ್ನು ತೋರಿಸಬಹುದು. ಶೇಂಗಾ ಬೀಜವನ್ನು ಎರಡು ಹೋಳು ಮಾಡಿದರೆ ತುದಿಯಲ್ಲಿ ಎಳೆಯ ಎಲೆಗಳ ಸಹಿತ ಪುಟ್ಟ ಗಿಡವೇ ಕಾಣುತ್ತದೆ. ಒಕ್ಕಣೆಯಲ್ಲಿ ಮತ್ತು ಮೂಟೆಗಳನ್ನು ಎತ್ತಿಹಾಕುವಾಗ ಶೇಂಗಾ ಹಾಗೂ ಸೋಯಾ ಬೀಜಗಳನ್ನು ಏಕೆ ಜೋಪಾನ ಮಾಡಬೇಕು ಎಂಬುದನ್ನು ವಿವರಿಸಲು ಈ ಒಂದು ನೋಟ ಸಾಕು.

ನೆನಪಿಡಬೇಕಾದ ಅಂಶಗಳು

1. ಭ್ರೂಣದ ಅಂಗಗಳು ಪರಾಗಸ್ಪರ್ಶವಾದ ಮೊದಲ ಕೆಲವು ದಿನಗಳಲ್ಲಿಯೇ ನಿರ್ಧಾರವಾಗುತ್ತವೆ. ಅದನ್ನು ನಡೆಸುವ ನಿಯಂತ್ರಕ ಪ್ರೋಟೀನುಗಳನ್ನು ಹೊರಗಿನಿಂದ ಕೊಡಲಾಗದು.
2. ನೀರು ಕಡಿಮೆಯಿದ್ದರೆ ಅದನ್ನು ಹೂವು ಮತ್ತು ಕಾಳು ಕಟ್ಟುವ ಹಂತಕ್ಕೆ ಮೀಸಲಿಡಿ.
3. ಮುಸುಕಿನ ಜೋಳದ ತುದಿ ಬೋಳಾದರೆ ರೇಷ್ಮೆ ಪರೀಕ್ಷೆ ಮಾಡಿ ಕಾರಣ ತಿಳಿಯಿರಿ.
4. ಸುಪ್ತಾವಸ್ಥೆಯಿಲ್ಲದ ತಳಿಗಳ ಕೊಯ್ಲನ್ನು ಮಳೆಗಾಲದಲ್ಲಿ ತಡಮಾಡಬೇಡಿ.
5. ಹೈಬ್ರಿಡ್ ಕಾಳನ್ನು ಬಿತ್ತನೆಗೆ ಇಡಬೇಡಿ, ಅಧಿಕೃತ ತಳಿಗಳ ಬೀಜವನ್ನು ಇಡಬಹುದು.
6. ಏಕಭ್ರೂಣದ ಹಣ್ಣಿನ ಗಿಡಗಳನ್ನು ಕಸಿಯಿಂದ ಮಾತ್ರ ವೃದ್ಧಿಸಿ.
7. ಬಿತ್ತನೆಗೆ ಕನಿಷ್ಠ ಎರಡು ವಾರ ಮೊದಲು ಮೊಳಕೆ ಪರೀಕ್ಷೆ ಮಾಡಿ. ಫಲಿತಾಂಶ ಕಡಿಮೆ ಬಂದರೆ ಬೀಜ ಬದಲಾಯಿಸಲು ಸಮಯವಿರುತ್ತದೆ.

ಹೆಚ್ಚಿನ ಮಾಹಿತಿಗೆ ತಮ್ಮ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ತೆನೆ, ಕಾಯಿ ಅಥವಾ ಬೀಜದ ಸಮಸ್ಯೆ ಕಂಡಾಗ ಮಾದರಿಯನ್ನು ಕಾಗದದ ಚೀಲದಲ್ಲಿಟ್ಟು, ಬಿತ್ತನೆಯ ದಿನ, ಹೂ ಬಿಟ್ಟ ದಿನ ಮತ್ತು ಕೊಟ್ಟ ನೀರಿನ ವಿವರದೊಂದಿಗೆ ತಂದರೆ ಕಾರಣವನ್ನು ಗುರುತಿಸುವುದು ಸುಲಭವಾಗುತ್ತದೆ.